ದೊಡ್ಡ ಗಾಡಿಗೆ ಪೆಟ್ರೋಲೋ ಡೀಸೆಲ್ಲೋ? ಬುಕಿಂಗ್‌ಗೆ ಮುಂಚೆ ತಿಳಿದಿರಬೇಕಾದ್ದು

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ತೆರಿಗೆ ಇಳಿಯಿತು. ಅಲ್ಲಿಯವರೆಗೆ ಜಿಎಸ್‌ಟಿ ಶೇ. 28, ಅದರ ಮೇಲೆ ಸೆಸ್ ಶೇ. 22, ಒಟ್ಟು ಶೇ. 50 ಇತ್ತು. ಸೆಸ್ ಹೋಗಿ ಶೇ. 40ಕ್ಕೆ ನಿಂತಿತು. ಏಳು ಸೀಟಿನ ಎಷ್ಟೋ ಗಾಡಿಗಳ ಬೆಲೆ ಒಂದು ಲಕ್ಷಕ್ಕೂ ಜಾಸ್ತಿ ಇಳಿದದ್ದೇ ತಡ, ‘ಮುಂದಿನ ವರ್ಷ ನೋಡೋಣ’ ಅನ್ನುತ್ತಿದ್ದ ಮನೆಯವರೆಲ್ಲ ಶೋರೂಮಿನ ಮೆಟ್ಟಿಲು ಹತ್ತಿದರು. ಗಂಡ ಹೆಂಡತಿ, ಎರಡು ಮಕ್ಕಳು, ಊರಿಂದ ಬಂದು ಹೋಗುವ ಅಜ್ಜಿ ತಾತ, ಹಬ್ಬಕ್ಕೆ ಜೊತೆಯಾಗುವ ಅತ್ತಿಗೆ. ಎಲ್ಲರೂ ಒಂದೇ ಗಾಡಿಯಲ್ಲಿ ಕೂರಬೇಕು ಅನ್ನುವುದೇ ಇವರ ಆಸೆ.

ಬಣ್ಣ, ಸೀಟು, ಸನ್‌ರೂಫ್ ಇವೆಲ್ಲ ಬೇಗ ತೀರ್ಮಾನ ಆಗುತ್ತವೆ. ಫಾರಂ ತುಂಬುವಾಗ ಪೆನ್ನು ನಿಲ್ಲುವುದು ಒಂದೇ ಕಡೆ. ಪೆಟ್ರೋಲಾ, ಡೀಸೆಲ್ಲಾ?

ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: “ತಿಂಗಳಿಗೆ ಸಾವಿರ ಕಿಲೋಮೀಟರ್ ಮೇಲೆ ಓಡಿಸ್ತೀರಾ? ಹಾಗಾದ್ರೆ ಡೀಸೆಲ್ ತಗೊಳ್ಳಿ.” ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಆದರೆ ಎರಡು ಟನ್ ಹತ್ತಿರ ತೂಗುವ ಇವತ್ತಿನ ಗಾಡಿಗೆ ಇದೊಂದೇ ಲೆಕ್ಕ ಸಾಲುವುದಿಲ್ಲ. ತಿಂಗಳಿಗೆ ಎಷ್ಟು ಓಡುತ್ತದೆ ಅನ್ನುವುದರ ಜೊತೆಗೆ, ಹೇಗೆ ಓಡುತ್ತದೆ ಅನ್ನುವುದನ್ನೂ ನೋಡಬೇಕು. ದಿನಾ ಮೂರು ಕಿಲೋಮೀಟರಿನ ಹತ್ತು ಓಟವಾ, ವಾರಕ್ಕೊಮ್ಮೆ ಮುನ್ನೂರು ಕಿಲೋಮೀಟರಿನ ಒಂದೇ ಓಟವಾ? ಇದು ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ಮೊದಲು ಬಾನೆಟ್ ಎತ್ತಿ ಒಳಗೆ ನೋಡಬೇಕು.

ಒಂದಕ್ಕೆ ಕಿಡಿ, ಇನ್ನೊಂದಕ್ಕೆ ಒತ್ತಡ

ಎರಡೂ ಎಂಜಿನ್ ಮಾಡುವ ಕೆಲಸ ಒಂದೇ. ಗಟ್ಟಿ ಲೋಹದ ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನ ಸೇರಿಸಿ ಉರಿಸುವುದು. ಉರಿದಾಗ ಬಿಸಿ ಗಾಳಿ ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ದಬ್ಬುತ್ತದೆ. ಆ ದಬ್ಬಿದ ಬಲವೇ ಕೊನೆಗೆ ಚಕ್ರ ತಿರುಗಿಸುತ್ತದೆ. ವ್ಯತ್ಯಾಸ ಇರುವುದು ಬೆಂಕಿ ಹೊತ್ತುವ ರೀತಿಯಲ್ಲಿ.

ಪೆಟ್ರೋಲ್ ಬೇಗ ಆವಿಯಾಗುವ ಎಣ್ಣೆ. ಅದನ್ನು ಗಾಳಿಯ ಜೊತೆ ಬೆರೆಸಿ, ಸುಮಾರು ಹತ್ತು ಪಟ್ಟು ಒತ್ತಿ, ಸ್ಪಾರ್ಕ್ ಪ್ಲಗ್ಗಿನಿಂದ ಒಂದು ಕಿಡಿ ಕೊಡುತ್ತಾರೆ. ಅಡುಗೆಮನೆಯಲ್ಲಿ ಗ್ಯಾಸ್ ಲೈಟರ್ ಒತ್ತಿದ ಹಾಗೆ.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಸೈಕಲ್‌ಗೆ ಕೈಪಂಪಿನಲ್ಲಿ ಗಾಳಿ ಹೊಡೆದವರಿಗೆ ಗೊತ್ತು, ನಾಲ್ಕೈದು ಸಲ ಒತ್ತಿದರೆ ಪಂಪಿನ ಬುಡ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ ಬರೀ ಗಾಳಿಯನ್ನು ಒಳಗೆ ಎಳೆದುಕೊಂಡು ಸುಮಾರು 16 ಪಟ್ಟು ಒತ್ತುತ್ತದೆ. ಗಾಳಿಯ ಬಿಸಿ 500 ಡಿಗ್ರಿ ದಾಟುತ್ತದೆ. ಆ ಬಿಸಿಗೆ ಡೀಸೆಲ್ಲನ್ನು ಸಣ್ಣಗೆ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ 1897ರಲ್ಲಿ ಇದನ್ನು ಸಾಧಿಸಿ ತೋರಿಸಿದ. ಇಂಧನಕ್ಕೂ ಅವನ ಹೆಸರೇ ಉಳಿಯಿತು.

ಇಷ್ಟು ಒತ್ತಡ ತಡೆಯಬೇಕು ಅಂದರೆ ಎಂಜಿನ್ನಿನ ಮೈಕಟ್ಟು ಗಟ್ಟಿಯಾಗಿರಬೇಕು. ಡೀಸೆಲ್ ಚಿಮ್ಮಿಸುವ ಪಂಪು, ನಳಿಗೆಗಳೂ ಹಾಗೇ ಇರಬೇಕು. ಕಾರಿನ ಟೈರಿನಲ್ಲಿ ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು ಒತ್ತಡ ಇರುತ್ತದಲ್ವಾ? ಇಂದಿನ ಡೀಸೆಲ್ ಎಂಜಿನ್ನಿನ ಇಂಜೆಕ್ಟರ್‌ಗಳು 2,000 ಬಾರ್‌ವರೆಗಿನ ಒತ್ತಡದಲ್ಲಿ ಕೆಲಸ ಮಾಡುತ್ತವೆ. ಡೀಸೆಲ್ ಗಾಡಿ ತುಸು ಭಾರ, ತುಸು ಸದ್ದು, ಬೆಲೆ ಜಾಸ್ತಿ. ಈ ಮೂರಕ್ಕೂ ಮೂಲ ಇದೇ ಒತ್ತಡ.

ಇದೇ ಕಾರಣಕ್ಕೆ ಡೀಸೆಲ್ ಟ್ಯಾಂಕಿಗೆ ತಪ್ಪಿ ಪೆಟ್ರೋಲ್ ಬಿದ್ದರೆ ಅಪಾಯ. ಡೀಸೆಲ್ ಎಣ್ಣೆಯ ಜಿಡ್ಡೇ ಆ ಸೂಕ್ಷ್ಮ ಪಂಪನ್ನು ಸವೆಯದಂತೆ ಕಾಯುತ್ತದೆ, ಪೆಟ್ರೋಲಿಗೆ ಆ ಜಿಡ್ಡು ಇಲ್ಲ. ಮನೆಯಲ್ಲಿ ಒಂದು ಪೆಟ್ರೋಲ್, ಒಂದು ಡೀಸೆಲ್ ಗಾಡಿ ಇದ್ದವರು ಬಂಕಿನಲ್ಲಿ ಬಾಯಿಬಿಟ್ಟು ಹೇಳಿ ಹಾಕಿಸಿ. ತಪ್ಪು ಆಗಿಹೋದರೆ ಕೀ ತಿರುಗಿಸಲೇಬೇಡಿ. ಗಾಡಿ ತಳ್ಳಿಸಿ, ಟ್ಯಾಂಕ್ ಖಾಲಿ ಮಾಡಿಸಿ.

ಎಳೆತ ಬೇರೆ, ಓಟ ಬೇರೆ

ಬ್ರೋಷರ್‌ನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಪಿಎಸ್, ಇನ್ನೊಂದು ನ್ಯೂಟನ್ ಮೀಟರ್. ಮೊದಲನೆಯದು ಪವರ್, ಎರಡನೆಯದು ಟಾರ್ಕ್.

ಟಾರ್ಕ್ ಅಂದರೆ ತಿರುಚುವ ಬಲ. ಪಂಕ್ಚರ್ ಅಂಗಡಿಯಲ್ಲಿ ತುಕ್ಕು ಹಿಡಿದ ಬೋಲ್ಟು ಬಿಚ್ಚುವುದನ್ನು ನೋಡಿರುತ್ತೀರಿ. ಸ್ಪ್ಯಾನರ್‌ಗೆ ಉದ್ದ ಪೈಪು ಸಿಕ್ಕಿಸಿ ಹುಡುಗ ಅದರ ಮೇಲೆ ಭಾರ ಬಿಡುತ್ತಾನೆ. ಬೋಲ್ಟು ನಿಧಾನ ಅಲುಗುತ್ತದೆ. ಅದು ಟಾರ್ಕ್. ಸಡಿಲವಾದ ಮೇಲೆ ಸರಸರ ತಿರುಗಿಸಿ ತೆಗೆಯುತ್ತಾನಲ್ಲ, ಆ ವೇಗವೂ ಸೇರಿದರೆ ಪವರ್. ನಿಂತ ಗಾಡಿ ಹೊರಡುವಾಗ, ಏರು ಹತ್ತುವಾಗ ಟಾರ್ಕ್ ಬೇಕು. ಹೈವೇಯಲ್ಲಿ ನೂರರ ಮೇಲೆ ಓವರ್‌ಟೇಕ್ ಮಾಡುವಾಗ ಪವರ್ ಬೇಕು.

ಏಳು ಜನ ಕೂತರೆ, ತಲೆಗೆ 65 ಕೆ.ಜಿ. ಹಿಡಿದರೂ 455 ಕೆ.ಜಿ. ಬ್ಯಾಗು, ನೀರಿನ ಕ್ಯಾನು, ಊರಿಂದ ತರುವ ತೆಂಗಿನಕಾಯಿ ಚೀಲ ಸೇರಿದರೆ ಅರ್ಧ ಟನ್ ದಾಟುತ್ತದೆ. ಹೀಗೆ ತುಂಬಿದ ಗಾಡಿ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎರಡನೇ ಗೇರಿಗೆ ಇಳಿದು ಏರಬೇಕು. ಅಲ್ಲಿ ಎಂಜಿನ್ ನಿಧಾನ ತಿರುಗುತ್ತಿರುತ್ತದೆ. ಆ ನಿಧಾನದಲ್ಲೂ ಎಳೆತ ಸಿಗಬೇಕು.

ಹಳೆಯ ಪೆಟ್ರೋಲ್ ಎಂಜಿನ್‌ಗಳು ಸೋಲುತ್ತಿದ್ದುದು ಇಲ್ಲೇ. 2016ರಲ್ಲಿ ಬಂದ ಇನೋವಾ ಕ್ರಿಸ್ಟಾವನ್ನೇ ತೆಗೆದುಕೊಳ್ಳಿ. ಅದರ 2.7 ಲೀಟರ್ ಪೆಟ್ರೋಲ್ ಎಂಜಿನ್ 166 ಪಿಎಸ್, 245 ನ್ಯೂಟನ್ ಮೀಟರ್. 2.4 ಲೀಟರ್ ಡೀಸೆಲ್ 150 ಪಿಎಸ್, 343 ನ್ಯೂಟನ್ ಮೀಟರ್. ಪವರ್ ಪೆಟ್ರೋಲಿನದ್ದೇ ಜಾಸ್ತಿ, ಆದರೆ ತುಂಬಿದ ಗಾಡಿಯನ್ನು ಸಲೀಸಾಗಿ ಎಳೆಯುತ್ತಿದ್ದುದು ಡೀಸೆಲ್. ‘ದೊಡ್ಡ ಗಾಡಿ ಅಂದ್ರೆ ಡೀಸೆಲ್ಲೇ’ ಅನ್ನುವ ನಂಬಿಕೆ ಇಂಥ ಅನುಭವದಿಂದ ಬೇರು ಬಿಟ್ಟದ್ದು. ಸುಮ್ನೆ ಹುಟ್ಟಿದ್ದಲ್ಲ.

ಈಗ ಆ ಅಂತರ ತುಂಬಾ ಕಡಿಮೆಯಾಗಿದೆ. ಅದಕ್ಕೆ ಕಾರಣ ಟರ್ಬೊ. ಕಮ್ಮಾರನ ಕುಲುಮೆಯಲ್ಲಿ ತಿದಿ ಒತ್ತಿದರೆ ಕೆಂಡ ನಿಗಿನಿಗಿ ಅನ್ನುತ್ತದಲ್ವಾ, ಟರ್ಬೊ ಕೂಡ ಎಂಜಿನ್ನಿಗೆ ತಿದಿಯೇ. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಅದರಿಂದ ಒಳಕ್ಕೆ ಹೆಚ್ಚು ಗಾಳಿ ತಳ್ಳುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನ ಉರಿಸಬಹುದು. ಡೀಸೆಲ್ಲಿಗೆ ಇದು ಬಹಳ ಹಿಂದೆಯೇ ಬಂದಿತ್ತು. ಈಗ ಪೆಟ್ರೋಲ್ ಎಂಜಿನ್‌ಗಳಿಗೂ ಬಂದಿದೆ.

2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ700ರ 2 ಲೀಟರ್ ಟರ್ಬೊ ಪೆಟ್ರೋಲ್ 200 ಪಿಎಸ್, 380 ನ್ಯೂಟನ್ ಮೀಟರ್ ಕೊಡುತ್ತದೆ. ಅದರ 2.2 ಲೀಟರ್ ಡೀಸೆಲ್ಲಿನ ಮೇಲಿನ ಮಾಡೆಲ್ 185 ಪಿಎಸ್, ಮ್ಯಾನುಯಲ್ ಗೇರಿನಲ್ಲಿ 420, ಆಟೊಮ್ಯಾಟಿಕ್‌ನಲ್ಲಿ 450 ನ್ಯೂಟನ್ ಮೀಟರ್. ಹುಂಡೈ ಅಲ್ಕಜಾರ್‌ನಲ್ಲಿ ಎಳೆತ ಇನ್ನೂ ಸಮಸಮ. 1.5 ಲೀಟರ್ ಟರ್ಬೊ ಪೆಟ್ರೋಲಿಗೆ 253, ಡೀಸೆಲ್ಲಿಗೆ 250. ಪವರ್ ಮಾತ್ರ ಪೆಟ್ರೋಲಿಗೆ 160, ಡೀಸೆಲ್ಲಿಗೆ 116 ಪಿಎಸ್. ಹಾಗಾಗಿ ‘ಪೆಟ್ರೋಲ್ ಗಾಡಿ ಘಾಟಿ ಹತ್ತಲ್ಲ’ ಅನ್ನುವ ಮಾತು ಇವತ್ತಿನ ಟರ್ಬೊ ಗಾಡಿಗಳಿಗೆ ಒಪ್ಪುವುದಿಲ್ಲ. ಹತ್ತುತ್ತದೆ. ಎಷ್ಟು ಕುಡಿದು ಹತ್ತುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಡೀಸೆಲ್ ಮೈಲೇಜು ಯಾಕೆ ಜಾಸ್ತಿ?

ಕಾರಣ ಮೂರು. ಮೊದಲನೆಯದು, ಡೀಸೆಲ್ ದಪ್ಪ ಎಣ್ಣೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಅಡಗಿದೆ. ಎರಡನೆಯದು, ಜಾಸ್ತಿ ಒತ್ತಿ ಉರಿಸಿದಷ್ಟೂ ಆ ಶಕ್ತಿ ವ್ಯರ್ಥವಾಗದೆ ಪಿಸ್ಟನ್ನಿಗೆ ಸಿಗುತ್ತದೆ.

ಮೂರನೆಯದು ಊರೊಳಗಿನ ಟ್ರಾಫಿಕ್ಕಿಗೆ ಸಂಬಂಧಪಟ್ಟದ್ದು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ, ಇಂಧನದ ಪ್ರಮಾಣ ಒಂದು ಹದದಲ್ಲೇ ಇರಬೇಕು. ನಿಧಾನ ಹೋಗುವಾಗ ಇಂಧನ ಕಡಿಮೆ ಬೇಕು, ಹಾಗಾಗಿ ಗಾಳಿಯನ್ನೂ ತಡೆಯಬೇಕು. ಅದಕ್ಕೊಂದು ಮುಚ್ಚುಪಟ್ಟಿ ಇರುತ್ತದೆ. ಎಳನೀರಿನ ಸ್ಟ್ರಾ ಹಿಸುಕಿ ಹಿಡಿದು ಹೀರಿದರೆ ಹೇಗೆ ಕೆನ್ನೆ ಸೋಲುತ್ತದೋ, ಎಂಜಿನ್ ಕೂಡ ಹಾಗೆ ಗಾಳಿ ಹೀರುವುದಕ್ಕೇ ಶಕ್ತಿ ಕಳೆಯುತ್ತದೆ. ಡೀಸೆಲ್ಲಿಗೆ ಈ ಕಾಟ ಹೆಚ್ಚುಕಡಿಮೆ ಇಲ್ಲ. ಗಾಳಿಯನ್ನು ಧಾರಾಳವಾಗಿ ಎಳೆದುಕೊಂಡು ಎಣ್ಣೆಯನ್ನಷ್ಟೇ ಕಡಿಮೆ ಚಿಮ್ಮಿಸಿದರೆ ಆಯಿತು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನ ವಿಷಯವೂ ಇಲ್ಲಿ ಸೇರುತ್ತದೆ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2025ರ ಹೊತ್ತಿಗೆ ದೇಶದ ತುಂಬ ಬಂತು. ಕಬ್ಬು, ಮೆಕ್ಕೆಜೋಳ, ಅಕ್ಕಿಯಂಥ ಬೆಳೆಗಳಿಂದ ತೆಗೆಯುವ ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಶಕ್ತಿ ಕಡಿಮೆ. ಐದನೇ ಒಂದು ಭಾಗ ಅದೇ ಇದ್ದರೆ ಒಂದು ಲೀಟರಿನ ಒಟ್ಟು ಶಕ್ತಿ ಶೇ. 6–7ರಷ್ಟು ಇಳಿಯುತ್ತದೆ. ಇ20ಗೆ ಹೊಂದಿಸಿದ ಎಂಜಿನ್ ಇದರಲ್ಲಿ ಸ್ವಲ್ಪ ಭಾಗವನ್ನು ಸರಿದೂಗಿಸಿಕೊಳ್ಳುತ್ತದೆ. ಡೀಸೆಲ್ಲಿಗೆ ಇಂಥ ಬೆರಕೆ ಈ ಪ್ರಮಾಣದಲ್ಲಿ ಇಲ್ಲ.

ದುಡ್ಡಿನ ಲೆಕ್ಕ

ಸಾವಿರ ಕಿಲೋಮೀಟರಿನ ಸೂತ್ರ ಚಾಲ್ತಿಗೆ ಬಂದ ಕಾಲ ನೆನಪಿಸಿಕೊಳ್ಳಿ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಡೀಸೆಲ್ ಮೇಲಿನ ಹಿಡಿತ ಬಿಟ್ಟದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ಆ ನಾಲ್ಕು ವರ್ಷ ಡೀಸೆಲ್ ಭಾರೀ ಅಗ್ಗ ಇತ್ತು. 2012ರ ಮೇನಲ್ಲಿ ದೆಹಲಿಯಲ್ಲಿ ಎರಡರ ನಡುವಿನ ಅಂತರ ಲೀಟರಿಗೆ 30 ರೂಪಾಯಿ ದಾಟಿತ್ತು. ಸಣ್ಣ ಕಾರಿಗೂ ಜನ ಡೀಸೆಲ್ ಹುಡುಕಿಕೊಂಡು ಹೋದದ್ದು ಆಗಲೇ.

ಈಗ ಆ ಅಂತರ ಇಲ್ಲ. ಕರ್ನಾಟಕದಲ್ಲಿ 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 21.17ಕ್ಕೆ ಏರಿತು. ಆಮೇಲೆ ಬೆಂಗಳೂರಿನಲ್ಲಿ ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಆಸುಪಾಸು ಇತ್ತು. ಇದೇ ದರ ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ. ನಿಮ್ಮ ಊರಿನ ಇವತ್ತಿನ ದರ ಹಾಕಿ ಇದನ್ನೇ ಮತ್ತೆ ಮಾಡಬಹುದು.

ಏಳು ಸೀಟಿನ ಗಾಡಿ ಊರು, ಹೈವೇ ಎರಡೂ ಸೇರಿ ಪೆಟ್ರೋಲಿನಲ್ಲಿ ಲೀಟರಿಗೆ 9, ಡೀಸೆಲ್ಲಿನಲ್ಲಿ 13 ಕಿ.ಮೀ. ಕೊಡುತ್ತದೆ ಅಂದುಕೊಳ್ಳಿ. ಆಗ ಪೆಟ್ರೋಲ್ ಖರ್ಚು ಕಿಲೋಮೀಟರಿಗೆ 11 ರೂಪಾಯಿ 44 ಪೈಸೆ, ಡೀಸೆಲ್ 7 ರೂಪಾಯಿ. ಡೀಸೆಲ್ ಗಾಡಿಯ ಸರ್ವಿಸ್ ಖರ್ಚು ಸ್ವಲ್ಪ ಜಾಸ್ತಿ ಅಂತ 44 ಪೈಸೆ ಕಳೆದರೂ, ಕಿಲೋಮೀಟರಿಗೆ 4 ರೂಪಾಯಿ ಉಳಿತಾಯ.

ಇನ್ನು ಕೊಳ್ಳುವ ಬೆಲೆ. ಒಂದೇ ಮಾಡೆಲ್‌ನಲ್ಲಿ ಡೀಸೆಲ್ಲಿಗೆ ಎಕ್ಸ್‌ಶೋರೂಂ ಬೆಲೆ ಒಂದು ಲಕ್ಷ ಜಾಸ್ತಿ ಅಂದುಕೊಳ್ಳೋಣ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಬೆಲೆಯ ಮೇಲೆ ಬೀಳುತ್ತದೆ. ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಶೇ. 17, ಇಪ್ಪತ್ತು ಲಕ್ಷ ದಾಟಿದರೆ ಶೇ. 18, ಅದರ ಮೇಲೆ ಸೆಸ್ ಬೇರೆ. ಹಾಗಾಗಿ ಆ ಒಂದು ಲಕ್ಷ ಆನ್‌ರೋಡ್ ಆಗುವಾಗ 1 ಲಕ್ಷ 20 ಸಾವಿರ ಆಗುತ್ತದೆ. ಕಿಲೋಮೀಟರಿಗೆ 4 ರೂಪಾಯಿಯಂತೆ ಇದು ವಾಪಸ್ ಬರಲು 30,000 ಕಿ.ಮೀ. ಓಡಬೇಕು. ತಿಂಗಳಿಗೆ ಸಾವಿರ ಓಡಿಸುವವರಿಗೆ ಎರಡೂವರೆ ವರ್ಷ. ನಾನೂರು ಓಡಿಸುವವರಿಗೆ ಆರು ವರ್ಷದ ಮೇಲೆ.

ಕೊಟೇಶನ್ ನೋಡುವಾಗ ಒಂದು ಗಮನಿಸಿ. ಪೆಟ್ರೋಲ್ 19 ಲಕ್ಷ 60 ಸಾವಿರ, ಡೀಸೆಲ್ 20 ಲಕ್ಷ 60 ಸಾವಿರ ಇದ್ದರೆ ಡೀಸೆಲ್ ಗಾಡಿ ಮೇಲಿನ ತೆರಿಗೆ ಹಂತಕ್ಕೆ ಹೋಗುತ್ತದೆ. ಆ ಒಂದು ಪರ್ಸೆಂಟು ಪೂರ್ತಿ ಬೆಲೆಯ ಮೇಲೆ ಬಿದ್ದು ಇಪ್ಪತ್ತು ಸಾವಿರ ಹೆಚ್ಚುವರಿ ಹೋಗುತ್ತದೆ.

ಇದೇ ಲೆಕ್ಕವನ್ನು ಸಣ್ಣ ಕಾರಿಗೆ ಹಾಕಿ ನೋಡಿ. ಪೆಟ್ರೋಲ್ 18, ಡೀಸೆಲ್ 23 ಕಿ.ಮೀ. ಕೊಟ್ಟರೆ ಉಳಿಯುವುದು ಕಿಲೋಮೀಟರಿಗೆ ಒಂದೂಕಾಲು, ಒಂದೂವರೆ ರೂಪಾಯಿ. ಅಷ್ಟೇ ಹೆಚ್ಚುವರಿ ಹಣ ವಾಪಸ್ ಬರಲು ಲಕ್ಷದ ಹತ್ತಿರ ಕಿಲೋಮೀಟರ್ ಬೇಕು. ಸಣ್ಣ ಕಾರುಗಳಲ್ಲಿ ಡೀಸೆಲ್ ಮರೆಯಾಗಿದ್ದಕ್ಕೆ ಇದೂ ಒಂದು ಕಾರಣ. ಮಾರುತಿ ಸುಜುಕಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ದೊಡ್ಡ ಗಾಡಿಯಲ್ಲಿ ಮಾತ್ರ ಡೀಸೆಲ್ ಈಗಲೂ ಲೆಕ್ಕಕ್ಕೆ ನಿಲ್ಲುತ್ತದೆ. ಮರುಮಾರಾಟದಲ್ಲೂ ಅದಕ್ಕೆ ಗಿರಾಕಿ ಇದೆ.

ಹಾಗಾದರೆ ಕಣ್ಣು ಮುಚ್ಚಿ ಡೀಸೆಲ್ ತಗೋಬಹುದಾ? ತಗೋಬಾರದು. ಯಾಕೆಂದರೆ ಇಂಧನದ ಲೆಕ್ಕ ಒಂದು ಕಡೆ, ಸೈಲೆನ್ಸರ್ ಕೊಳವೆಯೊಳಗೆ ಕೂತಿರುವ ಒಂದು ಡಬ್ಬಿಯ ಲೆಕ್ಕ ಇನ್ನೊಂದು ಕಡೆ.

ಮಸಿ ಹಿಡಿಯುವ ಡಬ್ಬಿ

ನಮ್ಮ ಭಾವ ರಾಜಾಜಿನಗರದಲ್ಲಿದ್ದಾರೆ. ಏಳು ಸೀಟಿನ ಡೀಸೆಲ್ ಗಾಡಿ ತೆಗೆದುಕೊಂಡು ಎಂಟು ತಿಂಗಳಾಗಿತ್ತು. ಒಂದು ದಿನ ಫೋನ್ ಮಾಡಿ, “ಮೀಟರ್ ಹತ್ರ ಕಿತ್ತಳೆ ಬಣ್ಣದ ದೀಪ ಹತ್ಕೊಂಡಿದೆ ಕಣೋ, ಡಬ್ಬಿ ಒಳಗೆ ಚುಕ್ಕೆ ಇಟ್ಟ ಹಾಗಿದೆ” ಅಂದರು. ಗಾಡಿ ಎಲ್ಲೆಲ್ಲಿ ಓಡುತ್ತದೆ ಅಂತ ಕೇಳಿದೆ. ಬೆಳಿಗ್ಗೆ ಮಕ್ಕಳ ಶಾಲೆಗೆ ಮೂರು ಕಿ.ಮೀ. ಮಧ್ಯಾಹ್ನ ಎಸಿ ಹಾಕಿಕೊಂಡು ಶಾಲೆ ಗೇಟಿನ ಮುಂದೆ ಇಪ್ಪತ್ತು ನಿಮಿಷ. ಸಂಜೆ ತರಕಾರಿ, ದೇವಸ್ಥಾನ. ತಿಂಗಳಿಗೆ ಆರುನೂರು ಕಿ.ಮೀ. ಆಗುತ್ತಿತ್ತು, ಆದರೆ ಒಂದು ಓಟವೂ ಅರ್ಧ ಗಂಟೆ ನಿಲ್ಲದೆ ಹೋದದ್ದಲ್ಲ.

ಆ ದೀಪ ಡಿಪಿಎಫ್‌ನದ್ದು, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಸೋಸುಗದ್ದು. ಡೀಸೆಲ್ ಉರಿಯುವಾಗ ಕಪ್ಪು ಮಸಿ ಹುಟ್ಟುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಅನ್ನುವ ವಾಹನ ಹೊಗೆಯ ನಿಯಮ ಆ ಮಸಿಗೆ ಬಿಗಿ ಕಡಿವಾಣ ಹಾಕಿತು. ಬಿಎಸ್4 ಕಾಲದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣ ಬಿಡಬಹುದಿತ್ತು, ಈಗ 4.5 ಮಿಲಿಗ್ರಾಂ ಮಾತ್ರ. ನಮ್ಮ ಮಕ್ಕಳ ಶ್ವಾಸಕೋಶಕ್ಕೆ ಇದರಿಂದ ಎಷ್ಟೋ ಒಳ್ಳೆಯದು. ಅದನ್ನು ಸಾಧಿಸಲು ಹೊಗೆ ಕೊಳವೆಯಲ್ಲಿ ಜೇನುಗೂಡಿನಂಥ ಸಣ್ಣ ಸಣ್ಣ ಕಂಡಿಗಳಿರುವ ಒಂದು ಸೋಸುಗ ಇಡುತ್ತಾರೆ. ಹೊಗೆ ಆಚೆ ಹೋಗುತ್ತದೆ, ಮಸಿ ಅಲ್ಲೇ ಉಳಿಯುತ್ತದೆ.

ಉಳಿದ ಮಸಿ ಏನಾಗಬೇಕು? ಹಳ್ಳಿಮನೆಯ ಬಚ್ಚಲೊಲೆ ನೆನಪಿಸಿಕೊಳ್ಳಿ. ಹಸಿ ಸೌದೆ ಹಾಕಿ ಸಣ್ಣ ಉರಿ ಇಟ್ಟರೆ ಮಾಡಿಗೆಲ್ಲ ಇಲ್ಲಣ ಕಟ್ಟುತ್ತದೆ. ಒಣ ಸೌದೆ ಹಾಕಿ ಧಗಧಗ ಉರಿಸಿದರೆ ಒಲೆಯ ಗೋಡೆಗೆ ಅಂಟಿದ ಮಸಿಯೂ ಉರಿದು ಬೆಳ್ಳಗಾಗುತ್ತದೆ. ಡಿಪಿಎಫ್ ಕೆಲಸ ಮಾಡುವುದೂ ಹೀಗೇ. ಹೈವೇಯಲ್ಲಿ ಒಂದೇ ಸಮ ಓಡುವಾಗ ಹೊಗೆ ಕಾದು ಮಸಿ ತಾನೇ ಕರಗುತ್ತಾ ಹೋಗುತ್ತದೆ. ಹಾಗೆ ಆಗದೆ ತುಂಬತೊಡಗಿದರೆ, ಗಾಡಿಯ ಕಂಪ್ಯೂಟರ್ ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಿಸಿ ಸೋಸುಗವನ್ನು 600 ಡಿಗ್ರಿ ಸುಮಾರಿಗೆ ಕಾಯಿಸಿ ಮಸಿ ಸುಡುತ್ತದೆ. ಇದನ್ನು ರೀಜನರೇಶನ್ ಅನ್ನುತ್ತಾರೆ. ಹತ್ತು ಹದಿನೈದು ನಿಮಿಷ ಬೇಕು, ಗಾಡಿ ಓಡುತ್ತಿರಬೇಕು.

ಮೂರು ಕಿಲೋಮೀಟರಿನ ಓಟದಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಕೆಲಸ ಶುರುವಾಗುವಷ್ಟರಲ್ಲಿ ಶಾಲೆ ಬಂತು, ಕೀ ತೆಗೆದಾಯಿತು. ಸುಡುವ ಕೆಲಸ ಅರ್ಧಕ್ಕೆ ನಿಂತಿತು. ಹೀಗೆ ಪದೇ ಪದೇ ಆದರೆ ಇನ್ನೊಂದು ತೊಂದರೆಯೂ ಇದೆ. ಸುಡಲೆಂದು ಹೆಚ್ಚು ಚಿಮ್ಮಿಸಿದ ಡೀಸೆಲ್ಲಿನಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಅನುಮಾನ ಪಡಬೇಕು.

ಭಾನುವಾರ ಬೆಳಿಗ್ಗೆ ಆರೂವರೆಗೆ ಇಬ್ಬರೂ ಗಾಡಿ ತೆಗೆದುಕೊಂಡು ತುಮಕೂರು ರಸ್ತೆ ಹಿಡಿದೆವು. ಮ್ಯಾನ್ಯುಯಲ್‌ನಲ್ಲಿ ಬರೆದಂತೆ, ಒಂದು ಗೇರು ಕೆಳಗಿಟ್ಟು, ಎಂಜಿನ್ ಎರಡು ಸಾವಿರ ಸುತ್ತಿನ ಮೇಲೆ ಇರುವಂತೆ ನೋಡಿಕೊಂಡು ಎಪ್ಪತ್ತು ಎಂಬತ್ತರಲ್ಲಿ ಒಂದೇ ಸಮ ಓಡಿಸಿದರು. ಪೀಣ್ಯ ಫ್ಲೈಓವರ್ ಆಯಿತು, ನೆಲಮಂಗಲ ಟೋಲ್ ಆಯಿತು, ದೀಪ ಹಾಗೇ ಇತ್ತು. ಭಾವ ರಸ್ತೆಗಿಂತ ಜಾಸ್ತಿ ಆ ದೀಪವನ್ನೇ ನೋಡುತ್ತಿದ್ದರು. ದಾಬಸ್‌ಪೇಟೆ ಇನ್ನೂ ನಾಲ್ಕೈದು ಕಿಲೋಮೀಟರ್ ಇದೆ ಅನ್ನುವಾಗ ಸದ್ದಿಲ್ಲದೆ ಆರಿತು.

ಬೇಗ ಗಮನಿಸಿದ್ದರಿಂದ ಒಂದು ಭಾನುವಾರದ ಡೀಸೆಲ್ಲಿನಲ್ಲಿ ಮುಗಿಯಿತು. ದೀಪ ಕಂಡೂ ವಾರಗಟ್ಟಲೆ ಬಿಟ್ಟಿದ್ದರೆ ಗಾಡಿ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಆಮೇಲೆ ಸರ್ವಿಸ್ ಸೆಂಟರಿನಲ್ಲಿ ಯಂತ್ರ ಸಿಕ್ಕಿಸಿ ಸುಡಿಸಬೇಕು. ಅದಕ್ಕೂ ಬಗ್ಗದಿದ್ದರೆ ಸೋಸುಗವನ್ನೇ ಬದಲಾಯಿಸಬೇಕು, ಅದು ತುಂಬಾ ದುಬಾರಿ. ‘ಕಿತ್ತು ಬಿಸಾಕಿ ಖಾಲಿ ಪೈಪ್ ಹಾಕಿಬಿಡ್ತೀನಿ’ ಅನ್ನುವ ಗ್ಯಾರೇಜುಗಳೂ ಇವೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ, ಆ ಮಸಿ ಹಿಂದೆ ಬರುವ ಸ್ಕೂಟರಿನವರ ಎದೆಗೆ ಹೋಗುತ್ತದೆ.

ಇನ್ನೊಂದು ಪುಟ್ಟ ಟ್ಯಾಂಕು

ಕೆಲವು ಡೀಸೆಲ್ ಗಾಡಿಗಳಿಗೆ ಡಿಇಎಫ್ ಅನ್ನುವ ದ್ರವವನ್ನೂ ಹಾಕಬೇಕು. ಆಡ್‌ಬ್ಲೂ ಅಂತಲೂ ಕರೆಯುತ್ತಾರೆ. ಅದು ಶೇ. 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಹೊಗೆಗೆ ಇದನ್ನು ಚಿಮ್ಮಿಸಿದರೆ ಅದರಲ್ಲಿರುವ ಕೆಟ್ಟ ನೈಟ್ರೋಜನ್ ಆಕ್ಸೈಡ್‌ಗಳು ಸಾದಾ ನೈಟ್ರೋಜನ್ ಮತ್ತು ನೀರಾವಿ ಆಗುತ್ತವೆ. ಬಂಕಿನಲ್ಲೂ ಸಿಗುತ್ತದೆ, ದೊಡ್ಡ ಖರ್ಚಲ್ಲ. ಆದರೆ ಪೂರ್ತಿ ಖಾಲಿಯಾದರೆ, ಒಮ್ಮೆ ಆಫ್ ಮಾಡಿದ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ದೂರದ ಊರಿಗೆ ಹೊರಡುವ ಮುಂಚೆ ನೋಡಿಕೊಳ್ಳಿ. ಹೊಲಕ್ಕೆ ತಂದ ಯೂರಿಯಾವನ್ನು ನೀರಿಗೆ ಕಲಸಿ ಹಾಕುವ ಸಾಹಸ ಮಾತ್ರ ಬೇಡ, ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ.

ಪೆಟ್ರೋಲ್ ತಗೊಂಡರೆ ಏನು ಗೊತ್ತಿರಬೇಕು

ಪೆಟ್ರೋಲ್ ಗಾಡಿಗೆ ಸಣ್ಣ ಓಟದ ಭಯ ಇಲ್ಲ. ಎಂಜಿನ್ ಬೇಗ ಬಿಸಿಯಾಗುತ್ತದೆ, ಸದ್ದು ನಡುಗು ಕಡಿಮೆ. ಹಿಂದೆ ಕೂತ ವಯಸ್ಸಾದವರು ಮೊದಲು ಗಮನಿಸುವುದು ಅದನ್ನೇ.

ಬಾಯಾರಿಕೆ ಮಾತ್ರ ಹೆಚ್ಚು. ಟರ್ಬೊ ಪೆಟ್ರೋಲ್ ಎಂಜಿನ್ ಹಗುರ ಪಾದದಲ್ಲಿ ಓಡಿಸಿದರೆ ಒಂದು ರೀತಿ, ಏಳು ಜನರನ್ನು ಕೂರಿಸಿಕೊಂಡು ಏರಿನಲ್ಲಿ ಒತ್ತಿದರೆ ಇನ್ನೊಂದು ರೀತಿ. ಬೆಂಗಳೂರಿನ ದಟ್ಟ ಟ್ರಾಫಿಕ್ಕಿನಲ್ಲಿ ಈ ಗಾತ್ರದ ಪೆಟ್ರೋಲ್ ಗಾಡಿ ಲೀಟರಿಗೆ ಏಳೆಂಟು ಕಿಲೋಮೀಟರಿಗೆ ಇಳಿಯುವುದು ಮಾಮೂಲು. ಇದಕ್ಕೆ ಮನಸ್ಸು, ಜೇಬು ಎರಡೂ ತಯಾರಿರಬೇಕು.

ಊರೊಳಗೇ ಜಾಸ್ತಿ ಓಡಿಸುವ ಆದರೆ ದೊಡ್ಡ ಗಾಡಿಯೇ ಬೇಕೆನ್ನುವವರಿಗೆ ಮೂರನೇ ದಾರಿ ಹೈಬ್ರಿಡ್. ಪೆಟ್ರೋಲ್ ಎಂಜಿನ್ ಜೊತೆ ಒಂದು ಮೋಟಾರು, ಒಂದು ಬ್ಯಾಟರಿ ಇರುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು ಮುಂದೆ ನಿಧಾನ ಹೋಗುವಾಗ ಬಳಸುತ್ತದೆ. ಹಾಗಾಗಿ ಸಾಮಾನ್ಯ ಪೆಟ್ರೋಲ್ ಗಾಡಿ ಸೋಲುವ ಟ್ರಾಫಿಕ್ಕಿನಲ್ಲೇ ಇದು ಗೆಲ್ಲುತ್ತದೆ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ ಇದರ ಒಳ್ಳೆಯ ಉದಾಹರಣೆ ಇದೆ. 2023ರಿಂದ ಅಲ್ಲಿ ಇನೋವಾ ಎರಡು ಬಗೆಯಲ್ಲಿ ತಯಾರಾಗತೊಡಗಿತು. ಕ್ರಿಸ್ಟಾ ಬರೀ ಡೀಸೆಲ್, ಹೈಕ್ರಾಸ್ ಬರೀ ಪೆಟ್ರೋಲ್ ಮತ್ತು ಪೆಟ್ರೋಲ್ ಹೈಬ್ರಿಡ್. ಹೈಬ್ರಿಡ್‌ಗೆ ಕಂಪನಿ ಹೇಳುವ ಮೈಲೇಜು ಲೀಟರಿಗೆ 23.24 ಕಿ.ಮೀ. ರಸ್ತೆಯಲ್ಲಿ ಅದಕ್ಕಿಂತ ಕಡಿಮೆ ಬಂದರೂ ಸಾದಾ ಪೆಟ್ರೋಲಿಗಿಂತ ಎಷ್ಟೋ ಮೇಲು. ಕೊಳ್ಳುವಾಗಿನ ಬೆಲೆ ಮಾತ್ರ ಜಾಸ್ತಿ.

ಡೀಸೆಲ್ಲಿಗೆ ಹತ್ತೇ ವರ್ಷವಾ?

ಈ ಭಯ ಬಹಳ ಜನರಿಗಿದೆ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಅನ್ನುವ ಆದೇಶ ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ, ಬರೀ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಅಂತ ಅದೇ ಕೋರ್ಟ್ ಹೇಳಿತು. ಕರ್ನಾಟಕದಲ್ಲಿ ಎರಡಕ್ಕೂ ನೋಂದಣಿ 15 ವರ್ಷ. ಆಮೇಲೆ ಗಾಡಿ ಸುಸ್ಥಿತಿಯಲ್ಲಿದ್ದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ದೆಹಲಿ ಕಡೆಗೆ ವರ್ಗವಾಗುವ ಕೆಲಸದಲ್ಲಿರುವವರು ಮಾತ್ರ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ನಿಮ್ಮ ಒಂದು ತಿಂಗಳು ಬರೆದು ನೋಡಿ

ಬುಕಿಂಗ್‌ಗೆ ಮುಂಚೆ ಈಗಿರುವ ಗಾಡಿಯ ಒಂದು ತಿಂಗಳ ಓಟವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಒಟ್ಟು ಕಿಲೋಮೀಟರ್ ಜೊತೆಗೆ, ನಿಲ್ಲದೆ ಅರ್ಧ ಗಂಟೆ ಓಡಿದ ದಿನಗಳಿಗೆ ಸುತ್ತು ಹಾಕಿ. ವಾರಕ್ಕೊಂದಾದರೂ ಸುತ್ತು ಇದೆ, ಊರಿಗೆ ಹೋಗಿಬರುವುದು ಇದೆ ಅಂದರೆ ತಿಂಗಳಿಗೆ ಆರುನೂರು ಏಳುನೂರು ಓಡಿದರೂ ಡೀಸೆಲ್ ಸುಖವಾಗಿರುತ್ತದೆ. ಸುತ್ತೇ ಇಲ್ಲದೆ ಬರೀ ಸಣ್ಣ ಓಟಗಳೇ ಸಾವಿರ ಆಗಿದ್ದರೆ, ನನ್ನ ಪ್ರಕಾರ ಪೆಟ್ರೋಲ್ ಇಲ್ಲವೇ ಹೈಬ್ರಿಡ್ ಮೇಲು. ಹಣದ ಲೆಕ್ಕ ಡೀಸೆಲ್ ಅಂದರೂ ಆ ಡಬ್ಬಿಯ ಲೆಕ್ಕ ಬೇಡ ಅನ್ನುತ್ತದೆ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿಕೊಂಡು, ಏರು ಇರುವ ರಸ್ತೆಯಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಪೆಟ್ರೋಲ್, ಡೀಸೆಲ್ ಎರಡನ್ನೂ ಅದೇ ರಸ್ತೆಯಲ್ಲಿ ಓಡಿಸಿ. ಮೂರನೇ ಸಾಲಿನಲ್ಲಿ ಕೂತವರನ್ನು ಕೇಳಿ. ಡೀಸೆಲ್ ಆದರೆ, ಡಿಇಎಫ್ ಬೇಕಾ, ಡಿಪಿಎಫ್ ದೀಪ ಯಾವುದು, ಅದು ಹತ್ತಿದರೆ ಹೇಗೆ ಓಡಿಸಬೇಕು ಅಂತ ಮ್ಯಾನ್ಯುಯಲ್ ತೆರೆಸಿ ಆ ಪುಟವನ್ನೇ ತೋರಿಸಲು ಹೇಳಿ.

ಭಾವ ಗಾಡಿ ಮಾರಲಿಲ್ಲ. ಅವರ ತಾಯಿ ಹಾಸನದಲ್ಲಿದ್ದಾರೆ. ಮೊದಲು ಎರಡು ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದವರು ಈಗ ಹದಿನೈದು ದಿನಕ್ಕೊಮ್ಮೆ ಹೋಗುತ್ತಾರೆ. ಶಾಲೆಗೆ ಮಕ್ಕಳು ವ್ಯಾನ್ ಹತ್ತುತ್ತಾರೆ. ಆ ದೀಪ ಮತ್ತೆ ಹತ್ತಿಲ್ಲ.